ಒಂದು ಸಲಕ್ಕೆ ಒಂದೇ ಚಮಚ ರಾಜಗಿರಿ

ಕಾದ ಬಾಣಲೆಗೆ ರಾಜಗಿರಿ ಕಾಳು ಹಾಕುವಾಗ ಒಂದು ಸಲಕ್ಕೆ ಒಂದೇ ಚಮಚ ಹಾಕಬೇಕು. ಚಮಚದ ತಲೆಯನ್ನು ಬೆರಳಿನಿಂದ ಸವರಿ ಸಮ ಮಾಡಿರಬೇಕು. ಅದು ಅರಳಿ ಬಾಣಲೆಯಿಂದ ಹೊರಗೆ ಬಂದ ಮೇಲೆಯೇ ಎರಡನೆಯ ಚಮಚ. ಇದು ನಮ್ಮ ಅವ್ವನ ನಿಯಮ. ಅಳತೆ-ತೂಕದ ಇನ್‌ಸ್ಪೆಕ್ಟರ್ ಆಗಿ ನೌಕರಿ ಮಾಡಿದ ನಾನು ಇದಕ್ಕಿಂತ ಸರಳವಾದ ನಿಯಮವನ್ನು ಎಲ್ಲಿಯೂ ಓದಿಲ್ಲ. ಇಷ್ಟೊಂದು ಜನ ಸೇರಿ ಮುರಿದ ಇನ್ನೊಂದು ನಿಯಮವನ್ನೂ ಕಂಡಿಲ್ಲ. ಒಂದು ಸಲ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ನಮ್ಮಲ್ಲಿ ಅದು ಪ್ರತಿ ಶಿವರಾತ್ರಿಗೂ ಆಗುತ್ತಿತ್ತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರಾಜಗಿರಿ ಕಾಳು ಸಾಸಿವೆಗಿಂತ ಸಣ್ಣದು. ಚೆನ್ನಾಗಿ ಕಾದ ಕಬ್ಬಿಣಕ್ಕೆ ಬಿದ್ದರೆ ಐದು ಎಣಿಸುವುದರೊಳಗೆ ಬೆಳ್ಳಗೆ ಅರಳುತ್ತದೆ. ಹತ್ತು ಎಣಿಸುವವರೆಗೆ ಬಿಟ್ಟರೆ ಕರಿಯಾಗುತ್ತದೆ. ಒಂದು ಚಮಚ ಹಾಕಿದರೆ ಎಲ್ಲ ಕಾಳಿಗೂ ಕಬ್ಬಿಣ ತಾಗುತ್ತದೆ. ಹೆಚ್ಚು ಹಾಕಿದರೆ ಕೆಳಗಿನದು ಸುಡುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಇಷ್ಟೇ ಶಾಸ್ತ್ರ.

ಅವ್ವನಿಗೆ ಇದು ಬಾಯಿಚಪಲದ ವಿಷಯವಾಗಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದರೆ ಶಿವರಾತ್ರಿ ದಿನ ರಾಜಗಿರಿ ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ ಎಂದು ಆಕೆ ಹರಕೆ ಹೊತ್ತಿದ್ದಳು. ನಾನು ಪಾಸಾದೆ. ಹರಕೆ ಎಷ್ಟು ವರ್ಷದ್ದು ಎಂದು ನಮೂದಿಸುವುದನ್ನು ಆಕೆ ಮರೆತಿದ್ದಳು. ಹೀಗಾಗಿ ಅದು ಮುಗಿಯಲೇ ಇಲ್ಲ. ಆ ದಿನ ಹಣ್ಣಿಲ್ಲ, ಬರೀ ಹಾಲೂ ಇಲ್ಲ. ಸಂಜೆ ಲಿಂಗಪೂಜೆ ಮುಗಿಸಿ, ಹುರಿದದ್ದನ್ನೆಲ್ಲ ನೈವೇದ್ಯ ತೋರಿಸಿ, ಒಂದು ಬಟ್ಟಲು ಅರಳನ್ನು ಹಾಲು-ಬೆಲ್ಲದಲ್ಲಿ ಕಲಸಿ ತಿಂದರೆ ಮರುದಿನದವರೆಗೆ ಅಷ್ಟೇ. ಅಂಗಡಿಯ ಅರಳು ನಡೆಯುವುದಿಲ್ಲ. ಅಂದೇ, ಜಳಕ ಮಾಡಿ ವಿಭೂತಿ ಹಚ್ಚಿಕೊಂಡವರು ಹುರಿಯಬೇಕು. ಕಾಳು ಕುರುಗೋಡಿನಲ್ಲಿದ್ದ ನನ್ನ ಸೋದರಮಾವನಿಂದ ಬರಬೇಕು. ಬಾದನಹಟ್ಟಿಯಲ್ಲಿದ್ದ ತನ್ನ ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಆತ ಬೆಳೆಯುತ್ತಿದ್ದುದು ವರ್ಷಕ್ಕೆ ಒಂದು ಪಾವು. ಅದು ಕೆಟ್ಟರೆ ಆ ವರ್ಷ ಅವ್ವನಿಗೆ ನೀರೇ ಗತಿ.

ಅಜ್ಜಿ ಇರುವತನಕ ಅಜ್ಜಿ ಹುರಿಯುತ್ತಿದ್ದಳು. ಅವ್ವ ಮಧ್ಯಾಹ್ನದಿಂದಲೇ ಪೂಜೆಗೆ ಕೂಡುವವಳಾದ್ದರಿಂದ ಒಲೆಯ ಮುಂದೆ ಬರುವಂತಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಶುರುವಾಯಿತು ನೋಡಿ.

ಇಲಾಖೆಯ ಲೆಕ್ಕ

ಮೊದಲು ಮುರಿದವನು ನಾನೇ. ಮುಚ್ಚಿಟ್ಟು ಪ್ರಯೋಜನವಿಲ್ಲ.

ಅರವತ್ತರ ದಶಕದ ನಡುಭಾಗ. ನೌಕರಿ ಹೊಸದು. ಸೇರು-ಪಾವು ಹೋಗಿ ಕಿಲೋ-ಲೀಟರ್ ಬಂದು ಒಂದೆರಡು ವರ್ಷವಾಗಿತ್ತು. ಬಳ್ಳಾರಿಯ ಅಂಗಡಿ ಅಂಗಡಿಗೆ ಹೋಗಿ ಹಳೆಯ ತೂಕದ ಕಲ್ಲುಗಳನ್ನು ಜಪ್ತಿ ಮಾಡುವುದು ನನ್ನ ಕೆಲಸ. ಶಿವರಾತ್ರಿ ದಿನ ಕಂಟೋನ್ಮೆಂಟ್‌ನ ನಮ್ಮ ಮನೆಯಲ್ಲಿ ಅವ್ವ ಕಾಳಿನ ಡಬ್ಬಿ ಕೊಟ್ಟು, ಒಂದು ಪಾವು ಐತಿ ನೋಡಪ್ಪ ಅಂದಳು. ಪಾವು ಎಂಬ ಅಳತೆ ಕಾನೂನಿನಲ್ಲಿ ಈಗ ಇಲ್ಲ ಎಂದು ನಾನು ತಿದ್ದಿದೆ.

"ಪಾವು ಹೋದ್ರ ಹೋಗ್ಲಿ," ಅಂದಳು ಅವ್ವ. "ಚಮಚ ಐತಲ್ಲ. ಒಂದು ಸಲಕ್ಕ ಒಂದ ಚಮಚ ಹಾಕು. ಅದನ್ನ ಯಾವ ಸರ್ಕಾರನೂ ತಗದಿಲ್ಲ."

ನಾನು ಎಣಿಸಿ ನೋಡಿದೆ. ಡಬ್ಬಿಯಲ್ಲಿ ಇಪ್ಪತ್ತೆರಡು ಚಮಚ ಕಾಳು. ಪ್ರತಿ ಚಮಚಕ್ಕೂ ಬಾಣಲೆ ಮತ್ತೆ ಕಾಯಬೇಕು, ಹುರಿಯಬೇಕು, ತೆಗೆಯಬೇಕು. ಹತ್ತಿರ ಹತ್ತಿರ ಒಂದು ತಾಸು. ಇದು ಅವೈಜ್ಞಾನಿಕ ಎಂದು ನನಗೆ ಖಚಿತವಾಯಿತು. ಮಿಷನರಿ ಶಾಲೆಯಲ್ಲಿ ಫಿಸಿಕ್ಸ್ ಓದಿದ್ದೆ. ಬಾಣಲೆಯ ಅಡ್ಡಳತೆಯನ್ನು ಸ್ಕೇಲಿನಿಂದ ಅಳೆದು, ವಿಸ್ತೀರ್ಣ ತೆಗೆದು, ಒಂದು ಸಲಕ್ಕೆ ಏಳೂವರೆ ಚಮಚ ಹಿಡಿಯುತ್ತದೆ ಎಂದು ಹಳೆಯ ಲಕೋಟೆಯ ಬೆನ್ನಿನ ಮೇಲೆ ಸಾಧಿಸಿ ತೋರಿಸಿದೆ. ಬಾಣಲೆಯ ತಳ ಚಪ್ಪಟೆಯಲ್ಲ, ಗುಂಡಗೆ ಇರುತ್ತದೆ, ಕಾಳೆಲ್ಲ ನಡುವಿಗೆ ಬಂದು ಗುಡ್ಡೆ ಬೀಳುತ್ತದೆ ಎಂಬುದು ಲಕೋಟೆಯ ಮೇಲೆ ಇರಲಿಲ್ಲ.

ಏಳೂವರೆ ಚಮಚ ಸುರಿದೆ. ದೇವರ ಮನೆಯಿಂದ ಅವ್ವ ಕೇಳಿದಳು, ಎಷ್ಟು ಹಾಕೀದಿ ಅಂತ.

"ಒಂದು," ಅಂದೆ.

"ಒಂದು ಏನು?"

ಉತ್ತರ ಹೊಳೆಯುವಷ್ಟರಲ್ಲಿ ಹೊಗೆಯೇ ದೇವರ ಮನೆಗೆ ಹೋಗಿ ಹೇಳಿತು. ಗಾಬರಿಯಲ್ಲಿ ಉಳಿದದ್ದನ್ನೂ ಸುರಿದೆ, ಮೇಲಿನಿಂದ ತಣ್ಣನೆಯ ಕಾಳು ಬಿದ್ದರೆ ಕೆಳಗಿನ ಸುಡುವಿಕೆ ನಿಲ್ಲುತ್ತದೆ ಎಂಬ ಇನ್ನೊಂದು ವಿಜ್ಞಾನದಿಂದ. ನಿಲ್ಲಲಿಲ್ಲ. ಅವ್ವ ಬಾಣಲೆಯನ್ನು ನೋಡಿದಳು, ನನ್ನನ್ನು ನೋಡಿದಳು, ಲಕೋಟೆಯನ್ನು ಓದಲು ಬರದಿದ್ದರೂ ಅದನ್ನೂ ನೋಡಿದಳು. ಒಂದು ಲೋಟ ನೀರು ಕುಡಿದು ಜಪಕ್ಕೆ ಕೂತಳು.

ಮರುದಿನ ನಾನು ಬ್ಯಾಗು ಹಿಡಿದು ಬಜಾರಿನ ತಪಾಸಣೆಗೆ ಹೊರಟಾಗ ಬಾಗಿಲ ಬಳಿ ನಿಂತು ಕೇಳಿದಳು, ಅಳತಿ ಸುಳ್ಳು ಹೇಳಿದವರಿಗೆ ನೀವು ಏನು ಮಾಡ್ತೀರಪ್ಪ ಅಂತ. ಕೇಸು ಬರೆಯುತ್ತೇವೆ ಅಂದೆ.

"ಹಂಗಾದ್ರ ಮೊದಲನೇದು ಮನ್ಯಾಗ ಬರದು ಹೋಗು."

ಸಿರುಗುಪ್ಪದ ಮರಳು

ಮರುವರ್ಷ ನನಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಕಾಲುವೆ ಬಂದು ಎಲ್ಲೆಲ್ಲೂ ಭತ್ತ, ಎಲ್ಲೆಲ್ಲೂ ಅಕ್ಕಿ ಗಿರಣಿ. ನನಗೆ ಸಿಕ್ಕ ಬಾಡಿಗೆ ಮನೆ ಒಂದು ಮಂಡಕ್ಕಿ ಭಟ್ಟಿಯ ಹಿಂದೆ. ಶಿವರಾತ್ರಿಗೆ ಅವ್ವ ಕಾಳಿನ ಡಬ್ಬಿಯೊಡನೆ ಬಸ್ಸಿಳಿದಳು. ಈ ಸಲ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ ಎಂದು ಬರುವಾಗಲೇ ನಿರ್ಧರಿಸಿದ್ದಳು.

ಭಟ್ಟಿಯ ಯಜಮಾನ ಒಳ್ಳೆಯ ಮನುಷ್ಯ. ಹಣೆಯ ತುಂಬ ವಿಭೂತಿ, ಬಾಯ ತುಂಬ ಮಾತು. ತಾನಾಗಿ ಬಂದು, ಅಮ್ಮಾ, ದಿನಾ ಚೀಲಗಟ್ಟಲೆ ಅರಳಸಾಂವ ನಾನು, ಈ ಒಂದು ಡಬ್ಬಿ ನನಗ ಬಿಡ್ರಿ ಅಂದ. ಅವ್ವ ನಿಯಮ ಹೇಳಿದಳು. ಆತ ಭಕ್ತಿಯಿಂದ ಕೇಳಿಸಿಕೊಂಡ. ಜಳಕ ಮಾಡಿ ಬಂದ, ವಿಭೂತಿಯ ಮೇಲೆ ಇನ್ನೊಮ್ಮೆ ವಿಭೂತಿ ಹಚ್ಚಿದ. ನಂತರ ನನ್ನನ್ನು ಒತ್ತಟ್ಟಿಗೆ ಕರೆದು, ಸಾರ್, ಈ ಚಮಚದ ಮಾತು ಹೆಣ್ಣುಮಕ್ಕಳದು, ನಮ್ಮ ಭಟ್ಟ್ಯಾಗ ಚಮಚನ ಇಲ್ಲ ಅಂದ.

ಮಂಡಕ್ಕಿ ಭಟ್ಟಿಯ ಕೆಲಸ ಹೀಗೆ. ದೊಡ್ಡ ಬಾಣಲೆಯಲ್ಲಿ ಮರಳು ಕೆಂಪಗೆ ಕಾದಿರುತ್ತದೆ. ಅದಕ್ಕೆ ಅಕ್ಕಿ ಸುರಿದು ಕೈಯಾಡಿಸಿದರೆ ಅಕ್ಕಿ ಉಬ್ಬಿ ಮಂಡಕ್ಕಿಯಾಗುತ್ತದೆ. ಎಲ್ಲವನ್ನೂ ಜರಡಿಗೆ ಹಾಕಿ ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಆತ ಇಪ್ಪತ್ತು ವರ್ಷ ಮಾಡಿದ ಕೆಲಸ. ಒಂದು ಪಾವು ರಾಜಗಿರಿಯನ್ನು ಒಂದೇ ಸಲಕ್ಕೆ ಮರಳಿಗೆ ಸುರಿದ. ನಿಜ ಹೇಳಬೇಕೆಂದರೆ ಅದ್ಭುತವಾಗಿ ಅರಳಿತು. ಹೆಮ್ಮೆಯಿಂದ ನನ್ನ ಕಡೆ ನೋಡುತ್ತ ಜರಡಿಗೆ ಹಾಕಿ ಅಲ್ಲಾಡಿಸಿದ.

ಮರಳು ಕೆಳಗೆ ಹೋಯಿತು. ರಾಜಗಿರಿಯೂ ಹೋಯಿತು. ಆ ಜರಡಿಯ ಕಣ್ಣಿಗೆ ಎರಡೂ ಒಂದೇ. ಆತ ಖಾಲಿ ಜರಡಿಯನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲಾಡಿಸಿದ, ಯಾಕೆಂದರೆ ನಿಲ್ಲಿಸಿದರೆ ಮಾತಾಡಬೇಕಾಗುತ್ತಿತ್ತು.

ಕೊನೆಗೆ ಮರಳಿನ ಮೇಲ್ಪದರವನ್ನು ಕೈಯಿಂದ ಬಾಚಿ, ಊದಿ, ಕೇರಿ, ಒಂದು ಬಟ್ಟಲು ಮಾಡಿ ತಂದ. ಅವ್ವ ನೈವೇದ್ಯ ತೋರಿಸಿ ಒಂದು ತುತ್ತು ಬಾಯಿಗೆ ಹಾಕಿದಳು. ಗಿರಣಿಯ ಕಲ್ಲು ತಿರುಗಿದಂಥ ಸದ್ದು ನನಗೂ ಕೇಳಿಸಿತು. ಆತ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. ಅವ್ವ ನುಂಗಿ, ನೀರು ಕುಡಿದು, "ಭಾಳ ಗಟ್ಟಿ ಹುರದೀಯಪ್ಪ, ಶಿವ ನಿನ್ನ ಚೊಲೋ ಇಡ್ಲಿ," ಅಂದಳು. ಎರಡನೆಯ ತುತ್ತು ಮುಟ್ಟಲಿಲ್ಲ.

ಮರಳಿನಲ್ಲಿ ಉಳಿದ ರಾಜಗಿರಿ ಮುಂದಿನ ಒಂದು ವಾರ ಆತನ ಮಂಡಕ್ಕಿಗೆ ಅಂಟಿಕೊಂಡು ಸ್ವಲ್ಪ ಸ್ವಲ್ಪವೇ ಹೊರಗೆ ಬಂತು. ನಮ್ಮ ಅವ್ವನ ಶಿವರಾತ್ರಿ ಫಲಾಹಾರವನ್ನು ಸಿರುಗುಪ್ಪದ ಜನ ಮಿರ್ಚಿಯೊಡನೆ ನಂಜಿಕೊಂಡು ತಿಂದರು.

ಮಾವನ ನೀರಾವರಿ

ಮೂರನೆಯ ವರ್ಷದ್ದನ್ನು ಹೇಳಬೇಕಾದರೆ ಅದಕ್ಕೆ ಮುಂಚಿನ ನಾಗರ ಪಂಚಮಿಯಿಂದ ಶುರುಮಾಡಬೇಕು. ಪಂಚಮಿಗೆ ಅವ್ವ ತವರಿಗೆ, ಅಂದರೆ ಕುರುಗೋಡಿಗೆ ಹೋಗುವ ವಾಡಿಕೆ. ಅಂದು ಜೋಳ ಅರಳಿಸಿ ಅಳ್ಳು ಮಾಡುತ್ತಾರೆ. ಜೋಳಕ್ಕೆ ಹಿಂದಿನ ದಿನ ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮರುದಿನ ಒಂದೊಂದೇ ಹಿಡಿ ಹುರಿಯಬೇಕು. ನನ್ನ ಸೋದರಮಾವ ಆ ವರ್ಷ ಎಲ್ಲರಿಗಿಂತ ಮೊದಲು ಹೈಬ್ರಿಡ್ ಜೋಳ ಬಿತ್ತಿದ್ದ. ಅದರ ತೆನೆಯ ಗಾತ್ರವನ್ನು ಎರಡೂ ಕೈಯಲ್ಲಿ ತೋರಿಸುತ್ತ ಊರೆಲ್ಲ ತಿರುಗಿದ್ದ. ಪಂಚಮಿಗೂ ಅದೇ ಜೋಳ ಆಗಬೇಕೆಂದು ಹಟ ಹಿಡಿದು, ನೀರು ಗೀರು ಏನೂ ಇಲ್ಲದೆ ಒಂದು ಸೇರನ್ನು ಒಟ್ಟಿಗೆ ಬಾಣಲೆಗೆ ಸುರಿದ. ಒಂದು ಕಾಳೂ ಅರಳಲಿಲ್ಲ. ಕೆಂಪಾದವು, ಕಪ್ಪಾದವು, ಬಾಯಿ ಮಾತ್ರ ಬಿಡಲಿಲ್ಲ. ಓಣಿಯ ಹೆಂಗಸರು, ಇವಕ್ಕ ಇನ್ನೂ ನಮ್ಮ ಹಬ್ಬ ಗೊತ್ತಿಲ್ಲರಿ, ಹೊಸಾವು ಅದಾವ ಎಂದು ಮಾವನನ್ನು ಗೋಳುಹೊಯ್ದುಕೊಂಡರು.

ಮಾವ ಅದರಿಂದ ಒಂದು ಪಾಠ ಕಲಿತ, ಅದೂ ತಪ್ಪು ಪಾಠ. ಅರಳುವುದೆಲ್ಲಕ್ಕೂ ನೀರು ಬೇಕು ಎಂದು ತಿಳಿದುಕೊಂಡ.

ಮುಂದಿನ ಶಿವರಾತ್ರಿಗೆ, ಅಕ್ಕ, ಈ ಸಲ ನಮ್ಮಲ್ಲೇ ಬಾ, ಕಾಳು ಬೆಳದಾಂವ ನಾನು, ಹುರಿಯಾಂವನೂ ನಾನ ಎಂದು ಕರೆಸಿಕೊಂಡ. ನಾನೂ ಹೋಗಿದ್ದೆ. ಆತ ಹಿಂದಿನ ದಿನವೇ ರಾಜಗಿರಿಗೆ ಒಂದು ಚೊಂಬು ನೀರು ಹೊಯ್ದು ಬಟ್ಟೆಯಲ್ಲಿ ಬಿಗಿದು ತೂಗುಹಾಕಿದ್ದು ನಮಗೆ ಗೊತ್ತಿರಲಿಲ್ಲ. ಸಂಜೆ ಬಟ್ಟೆ ಬಿಚ್ಚಿದಾಗ ಕಾಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಕೆಲವು ಕಾಳಿಗೆ ಬಾಲ ಕೂಡ ಹೊರಡುತ್ತಿತ್ತು. ಅದರಲ್ಲಿ ಚಮಚ ಆಡುವಂತೆಯೇ ಇರಲಿಲ್ಲ. ಮಾವ ಇಡೀ ಮುದ್ದೆಯನ್ನು ಬಾಣಲೆಗೆ ಇಳಿಸಿದ. ಅದು ಚುಂಯ್ ಅಂತು, ಅಂಟಿಕೊಂಡಿತು. ಆತ ಸ್ವಲ್ಪ ಹೊತ್ತು ನೋಡಿ, ಮಾಡಲು ಬೇರೇನೂ ತೋಚದೆ ಅದನ್ನು ರೊಟ್ಟಿಯಂತೆ ತಿರುವಿ ಹಾಕಿದ.

ಅವ್ವ ಪೂಜೆ ಮುಗಿಸಿ ಬಂದು ತಟ್ಟೆ ನೋಡಿ, ಏನಿದು ಅಂತ ಕೇಳಿದಳು.

"ರಾಜಗಿರಿನ ಅಕ್ಕ. ಆಕಾರ ಅಷ್ಟ ಬ್ಯಾರೆ."

ಇದನ್ನು ತಿಂದರೆ ಹರಕೆಗೆ ಭಂಗವೇ ಎಂಬ ಪ್ರಶ್ನೆ ಎದ್ದಿತು. ಸರ್ಕಾರಿ ಮನುಷ್ಯ ಎಂದು ತೀರ್ಮಾನ ನನಗೆ ಬಿಟ್ಟರು. ನಾನು ಅವ್ವನಿಂದ ಹರಕೆಯ ಮಾತನ್ನು ಹೊತ್ತಾಗ ಹೇಗೆ ಹೇಳಿದ್ದಳೋ ಹಾಗೆಯೇ ಹೇಳಿಸಿದೆ. ಅದರಲ್ಲಿ ರಾಜಗಿರಿ ಎಂದಿತ್ತೇ ಹೊರತು ಅರಳು ಎಂದಿರಲಿಲ್ಲ. ರೊಟ್ಟಿಗೆ ಅನುಮತಿ ಕೊಟ್ಟೆ. ಅವ್ವ ಕಾಲು ರೊಟ್ಟಿ ಮುರಿದು ತಿಂದಳು. ಮುರಿಯಲು ಮಾವ ಮೊಣಕಾಲು ಕೊಟ್ಟು ಸಹಾಯ ಮಾಡಬೇಕಾಯಿತು. ಎರಡನೆಯ ತುತ್ತಿಗೆ ಆಕೆಯ ಮುಂದಿನ ಹಲ್ಲೊಂದು ಅಲ್ಲಾಡಿತು.

ಮಾವ ನೊಂದುಕೊಂಡು, ಮುಂದಿನ ವರ್ಷ ಎರಡು ದಿನ ನೆನೆಹಾಕುತ್ತೇನೆ, ಆಗ ಮೆತ್ತಗಾಗುತ್ತದೆ ಅಂದ. ಅವ್ವ ಹಲ್ಲನ್ನು ಹಿಡಿದುಕೊಂಡೇ ಹೇಳಿದಳು.

"ಮುಂದಿನ ವರ್ಷ ಕಾಳು ಅಷ್ಟ ಕಳಸು. ಅದರ ಜೋಡಿ ನೀ ಬರಬ್ಯಾಡ."

ಸಾಹೇಬರು ಮತ್ತು ಫ್ಯಾನು

ನಾಲ್ಕನೆಯ ವರ್ಷ ನನಗೆ ಬಳ್ಳಾರಿಗೆ ವಾಪಸು ವರ್ಗವಾಗಿತ್ತು. ಪ್ರಾಯಶ್ಚಿತ್ತವಾಗಿ ನಾನೇ ಹುರಿಯಲು ಕೂತೆ. ಲಕೋಟೆ ಇಲ್ಲ, ಸ್ಕೇಲು ಇಲ್ಲ. ತಲೆ ಸವರಿದ ಚಮಚ, ಒಂದು ಸಲಕ್ಕೆ ಒಂದು. ಹದಿನಾಲ್ಕು ಚಮಚ ಮುಗಿಯಿತು, ಒಂದು ಕಾಳೂ ಕರಿಯಾಗಿಲ್ಲ. ಹುರಿದದ್ದನ್ನು ಆರಲು ಹಾಲ್‌ನಲ್ಲಿ ಮೇಜಿನ ಮೇಲೆ ಶುಭ್ರ ಪಂಚೆ ಹಾಸಿ ಹರಡುತ್ತಿದ್ದೆ. ದೇವರ ಮನೆಯಿಂದ ಅವ್ವನ ಮಂತ್ರದ ದನಿಯಲ್ಲಿ ಕೂಡ ಸಮಾಧಾನ ಇತ್ತು.

ಆಗ ನಮ್ಮ ಮೇಲಧಿಕಾರಿಗಳು ಬಂದರು. ನಿವೃತ್ತಿಗೆ ಹತ್ತಿರವಾಗಿದ್ದವರು, ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ನೌಕರಿಗೆ ಸೇರಿದ್ದವರು. ಯಾವಾಗಲೂ ಕರಿ ಕೋಟು. ಒಂದು ಫೈಲಿಗೆ ನನ್ನ ಸಹಿ ಬೇಕಿತ್ತು. ನಾನು ಒಲೆ ಬಿಟ್ಟು ಏಳಲಾರದೆ ಸಂಕಟಪಡುತ್ತಿದ್ದಾಗ ಅವರೇ ಅಡುಗೆಮನೆಯ ಬಾಗಿಲಿಗೆ ಬಂದರು. ಎರಡು ಚಮಚ ಹುರಿದು ಮೇಜಿನ ಮೇಲೆ ಹರಡುವುದನ್ನು ಸಹನೆಯಿಂದ ನೋಡಿದರು. ಮೂರನೆಯದಕ್ಕೆ ಸಹನೆ ಮುಗಿಯಿತು.

"ವಾಟ್ ಈಸ್ ದಿಸ್ ಸ್ಪೂನ್ ಬಿಸಿನೆಸ್?" ಅಂದರು. ಕೆಲಸವನ್ನು ತುಂಡು ಮಾಡಿದರೆ ಇಲಾಖೆ ಮುಂದೆ ಹೋಗುವುದಿಲ್ಲ ಎಂದು ನನಗೆ ತಿಳಿಹೇಳುತ್ತ ಉಳಿದ ಆರು ಚಮಚದ ತಟ್ಟೆಯನ್ನು ಎತ್ತಿ ಬಾಣಲೆಗೆ ಸುರಿದೇಬಿಟ್ಟರು. ಮೇಲಧಿಕಾರಿಯ ಕೈ ಹಿಡಿಯುವುದು ಹೇಗೆ ಎಂದು ಸರ್ವಿಸ್ ರೂಲ್ಸ್‌ನಲ್ಲಿ ಎಲ್ಲಿಯೂ ಬರೆದಿಲ್ಲ. ಹೊಗೆ ಎದ್ದಿತು. ಸಾಹೇಬರು ಕೆಮ್ಮುತ್ತ, ಕಣ್ಣು ಮುಚ್ಚಿಕೊಂಡು, ಗೋಡೆ ಸವರುತ್ತ ಹಾಲ್‌ಗೆ ಓಡಿ, ಕೈಗೆ ಸಿಕ್ಕ ಸ್ವಿಚ್ ಒತ್ತಿದರು.

ಅದು ಫ್ಯಾನಿನದು.

ರಾಜಗಿರಿ ಅರಳಿಗೆ ತೂಕ ಇಲ್ಲ ಎಂದೇ ಹೇಳಬಹುದು; ತೂಕದ ಇಲಾಖೆಯವನಾಗಿ ಹೇಳುತ್ತಿದ್ದೇನೆ. ಹದಿನಾರು ಚಮಚ ಅರಳು ಒಮ್ಮೆಗೇ ಎದ್ದು ಕೋಣೆಯ ತುಂಬ ಸುತ್ತತೊಡಗಿತು. ನಡುವೆ ಸಾಹೇಬರು ಫೈಲನ್ನು ತಲೆಗೆ ಅಡ್ಡ ಹಿಡಿದು ನಿಂತಿದ್ದರು. ಫ್ಯಾನ್ ಆರಿಸಿದಾಗ ನೆಲ ಬೆಳ್ಳಗಿತ್ತು, ಕೋಟೂ ಬೆಳ್ಳಗಿತ್ತು. ಅವ್ವ ಹೊರಗೆ ಬಂದು ನೋಡಿ, ಮನೆಗೆ ಬಂದವರಿಗೆ ಏನೂ ಅನ್ನಬಾರದೆಂದು ಅವರಿಗೆ ನೀರು ಕೊಟ್ಟಳು. ನೆಲಕ್ಕೆ ಬಿದ್ದದ್ದು ನೈವೇದ್ಯಕ್ಕೆ ಬರುವುದಿಲ್ಲ. ನೆಲ ಮುಟ್ಟದೆ ರೇಡಿಯೋದ ಮೇಲೆ, ಫೋಟೋಗಳ ಮೇಲೆ ಕೂತಿದ್ದನ್ನು ನಾನು ಸ್ಟೂಲ್ ಹತ್ತಿ ಕೂಡಿಸಿದೆ. ಒಂದು ಹಿಡಿಗೂ ಕಡಿಮೆ ಆಯಿತು. ಅವ್ವನ ಆ ವರ್ಷದ ಊಟ ಅದು.

ಸಾಹೇಬರು ಕೋಟು ಕೊಡವಿಕೊಂಡು ನೇರ ಕಚೇರಿಗೆ ಹೋದರು. ಕೊರಳಪಟ್ಟಿಯಲ್ಲಿ ಉಳಿದದ್ದು ಉಳಿದಿತ್ತು. ಮರುದಿನ ಅವರ ಜವಾನ ನನ್ನ ಹತ್ತಿರ ಬಂದು ಬಹಳ ಕಾಳಜಿಯಿಂದ ಪಿಸುಗುಟ್ಟಿದ, ಸಾಹೇಬ್ರಿಗೆ ತಲಿಹೊಟ್ಟು ಭಾಳ ಆಗೈತಿ, ಲಿಂಬಿಹಣ್ಣು ತಿಕ್ಕೊಳ್ಳಾಕ ನೀವರ ಹೇಳ್ರಿ ಸಾರ್.

ಸೊಸೆ

ಐದನೆಯ ಶಿವರಾತ್ರಿಯ ಹೊತ್ತಿಗೆ ನನಗೆ ಮದುವೆಯಾಗಿ ಮೂರು ತಿಂಗಳಾಗಿತ್ತು. ಹೆಂಡತಿ ಸಿರುಗುಪ್ಪದಾಚೆಯ ಗಡಿ ಹಳ್ಳಿಯವಳು. ತವರಿನಲ್ಲಿ ತೆಲುಗು, ನಮ್ಮಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಹೇಳಿದ ಕೆಲಸ ಹೇಳಿದಂತೆ ಮಾಡುತ್ತಿದ್ದಳು. ಅವ್ವ ಹಬ್ಬಕ್ಕೆ ಎಂಟು ದಿನ ಮೊದಲೇ ಆಕೆಯನ್ನು ಕೂರಿಸಿಕೊಂಡು ನಿಯಮ ಕಲಿಸಿದಳು. ನನ್ನ ಕಥೆ, ಭಟ್ಟಿಯವನ ಕಥೆ, ಮಾವನದು, ಸಾಹೇಬರದು, ಎಲ್ಲ ಹೇಳಿ, ಯಾರು ಏನ ಹೇಳಿದ್ರೂ ಒಂದ ಚಮಚ, ದೇವರ ಇಳದು ಬಂದು ಹೇಳಿದ್ರೂ ಒಂದ ಚಮಚ ಎಂದು ಮೂರು ಸಲ ಬಾಯಿಪಾಠ ಹೇಳಿಸಿದಳು.

ಆ ವರ್ಷ ಹಬ್ಬದ ಹಿಂದಿನ ವಾರ ಅವ್ವನಿಗೆ ಜ್ವರ ಬಂದು ಹೋಗಿತ್ತು. ಉಪವಾಸ ಬೇಡ ಎಂದು ನಾನು ಹೇಳಿ ನೋಡಿದೆ. ನಾಲ್ಕು ವರ್ಷದಿಂದ ಸರಿಯಾದ ಒಂದು ಬಟ್ಟಲು ಸಿಕ್ಕಿಲ್ಲ, ಈ ಸಲ ತಿಂದೇ ತೀರಬೇಕು ಅಂದಳು. ನಿಶ್ಶಕ್ತಿ ಇದ್ದುದರಿಂದ ಪೂಜೆಯನ್ನು ಬೇಗ ಮುಗಿಸಿದಳು. ನೈವೇದ್ಯ ಒಂದೇ ಬಾಕಿ. ಹೀಗಾಗಿ ಜೀವಮಾನದಲ್ಲಿ ಮೊದಲ ಸಲ, ಹಸಿದ ಹೊಟ್ಟೆಯಲ್ಲಿ, ರಾಜಗಿರಿ ಹುರಿಯುವ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ನಾನು ಬಾಗಿಲ ಬಳಿ ನಿಂತಿದ್ದೆ, ಒಲೆಯಿಂದ ನಿಗದಿಯಾದ ದೂರದಲ್ಲಿ.

ಹೆಂಡತಿ ಬಾಣಲೆಗೆ ಒಂದು ಹನಿ ನೀರು ಚಿಮುಕಿಸಿದಳು. ಹನಿ ಕುಣಿಯಿತು. ಚಮಚದ ತಲೆ ಸವರಿ ಹಾಕಿದಳು. ಬಟ್ಟೆಯ ಉಂಡೆಯಿಂದ ಎರಡು ಸುತ್ತು ಆಡಿಸುವುದರೊಳಗೆ ಬೆಳ್ಳಗಾಯಿತು. ತೆಗೆದಳು, ಬಾಣಲೆ ಒರೆಸಿದಳು, ಕಾಯಲು ಬಿಟ್ಟಳು. ಮತ್ತೆ ಹನಿ, ಮತ್ತೆ ಚಮಚ. ಅವ್ವ ಅಚ್ಚುಕಟ್ಟು ಕೆಲಸ, ಅಚ್ಚುಕಟ್ಟು ಕೆಲಸ ಎಂದು ನನ್ನ ಕಡೆ ನೋಡಿ ತಲೆದೂಗಿದಳು. ಹೊಗಳಿಕೆ ಆಕೆಗೆ, ನೋಟ ನನಗೆ.

ಐದನೆಯ ಚಮಚದವರೆಗೆ ತಲೆದೂಗಿದಳು. ಆರನೆಯದಕ್ಕೆ ಹುರಿದ ಅರಳಿನ ವಾಸನೆ ಅಡುಗೆಮನೆಯ ತುಂಬ ಹಬ್ಬಿತು. ಅವ್ವ ತಟ್ಟೆಯಲ್ಲಿ ಉಳಿದ ಕಾಳಿನ ಗುಡ್ಡೆಯನ್ನು ಒಮ್ಮೆ ನೋಡಿದಳು, ಹುರಿದದ್ದನ್ನು ಒಮ್ಮೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಬಾಣಲಿ ಚೊಲೋ ಕಾದೈತಿ, ಎರಡು ಹಾಕಿದ್ರೂ ನಡೀತೈತಿ ಅಂದಳು.

ಒಂದೇ ಅಂತ ಹೇಳೀರಿ ಅತ್ತಿ, ಅಂದಳು ಹೆಂಡತಿ, ಒಂದು ಹಾಕುತ್ತ.

ಹೇಳಿದಾಕಿ ನಾನ ಅಲ್ಲೇನು, ಈಗ ನಾನ ಎರಡು ಅನ್ನಾಕತ್ತೀನಿ ಅಂದಳು ಅವ್ವ. ಹ್ಞೂಂ ಅತ್ತಿ ಎಂದು ಆಕೆ ಇನ್ನೊಂದು ಹಾಕಿದಳು. ಒಂದೇ.

ಅವ್ವ ನನ್ನ ಕಡೆ ತಿರುಗಿ, ನಿನ್ನ ಹೆಂಡ್ತಿಗೆ ಒಂದು ಮಾತು ಹೇಳು ಅಂದಳು. ನಾನು ಧರ್ಮಸಂಕಟಕ್ಕೆ ಬಿದ್ದೆ. ನಿಯಮ ಮಾಡಿದವರಿಗೆ ಅದನ್ನು ತಿದ್ದುವ ಅಧಿಕಾರ ಇದ್ದೇ ಇದೆ. ಆದರೆ ತಿದ್ದುಪಡಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕಾಗುತ್ತದೆ ಎಂದು ಅಭಿಪ್ರಾಯಪಟ್ಟೆ.

"ನಿನ್ನ ನೋಟೀಸ್ ತಂದು ಒಲ್ಯಾಗ ಹಾಕು," ಅಂದಳು. "ಅದರಿಂದಾರ ಬಾಣಲಿ ಲಗೂನ ಕಾಯ್ಲಿ."

ಹನ್ನೊಂದನೆಯ ಚಮಚಕ್ಕೆ ಅವ್ವ ಹಣೆಗೆ ಕೈಯಿಟ್ಟು ಗೋಡೆಗೆ ಒರಗಿದಳು. ಕಣ್ಣಿಗೆ ಕತ್ತಲಿ ಬರಾಕತ್ತೈತಿ, ಜ್ವರದ ಮೈ, ನನಗ ಏನಾದ್ರೂ ಆದ್ರ ಈ ಚಮಚ ಹಿಡಕೊಂಡು ಕೂಡ್ರಿ ಅಂದಳು. ನಾನು ಗಾಬರಿಯಾಗಿ ಎರಡು ಹೆಜ್ಜೆ ಒಳಗೆ ಬಂದೆ. ಹೆಂಡತಿ ಬಾಣಲೆಯಿಂದ ಕಣ್ಣು ತೆಗೆಯದೆ ಎಡಗೈಯಿಂದ ನೀರಿನ ಲೋಟ ಸರಿಸಿದಳು. ನೀರು ಹರಕೆಗೆ ಅಡ್ಡಿಯಿಲ್ಲ. ಅವ್ವ ಒಂದು ಕಣ್ಣು ತೆರೆದು ಲೋಟವನ್ನು ನೋಡಿದಳು, ಇನ್ನೊಂದನ್ನೂ ತೆರೆದಳು, ನೀರು ಕುಡಿದು ನೆಟ್ಟಗೆ ಕೂತಳು.

"ನನ್ನ ಮನ್ಯಾಗ ನನ್ನ ಮಾತು ನಡ್ಯಂಗಿಲ್ಲೇನು?"

"ನಿಮ್ಮ ಮಾತ ನಡಸಾಕತ್ತೀನಿ ಅತ್ತಿ."

ಇಷ್ಟು ದೊಡ್ಡ ವಾಕ್ಯವನ್ನು ಆಕೆಯ ಬಾಯಿಂದ ಮೂರು ತಿಂಗಳಲ್ಲಿ ನಾನೂ ಕೇಳಿರಲಿಲ್ಲ. ಅವ್ವ ಮಣೆಯಿಂದ ಎದ್ದು, ಉಳಿದ ಕಾಳಿನ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿದಳು. ಲೆಕ್ಕ ಹಾಕಿದ ನನ್ನಂತೆ, ಭಟ್ಟಿಯವನಂತೆ, ಮಾವನಂತೆ, ಸಾಹೇಬರಂತೆ, ನಾಲ್ಕು ವರ್ಷ ಯಾರನ್ನು ಆಡಿಕೊಂಡಿದ್ದಳೋ ಅವರೆಲ್ಲರಂತೆ, ಬಾಣಲೆಗೆ ಒಟ್ಟಿಗೆ ಸುರಿಯಲು ಬಾಗಿದಳು.

ಹೆಂಡತಿ ಬಟ್ಟೆ ಹಿಡಿದು ಬಾಣಲೆಯನ್ನು ಒಲೆಯಿಂದ ಎತ್ತಿದಳು. ಎತ್ತಿ ತನ್ನ ಆಚೆ ಬದಿಗೆ, ಅವ್ವನ ಕೈ ಎಟುಕದ ಕಡೆ, ನೆಲದ ಮೇಲೆ ಇಟ್ಟಳು. ಸೆರಗು ಸರಿಮಾಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ಅವ್ವ ತಟ್ಟೆಯನ್ನು ಬರೀ ಬೆಂಕಿಯ ಮೇಲೆ ಹಿಡಿದು ನಿಂತಿದ್ದಳು. ಹತ್ತಿಕಟ್ಟಿಗೆ ಚಟಪಟ ಉರಿಯುತ್ತಿತ್ತು. ಅವ್ವ ಸೊಸೆಯನ್ನು ನೋಡಿದಳು. ಸೊಸೆ ಒಲೆಯನ್ನು ನೋಡುತ್ತಿದ್ದಳು. ಸಿಟ್ಟಿಲ್ಲ, ಆತುರವಿಲ್ಲ, ಬಸ್ಸಿಗೆ ಕಾಯುವವರು ಕೂತಂತೆ ಕೂತಿದ್ದಳು. ತಟ್ಟೆ ನಿಧಾನಕ್ಕೆ ಕೆಳಗೆ ಬಂತು. ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಅವ್ವ ಮಣೆಯ ಮೇಲೆ ಕೂತಳು.

ಹೆಂಡತಿ ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟಳು. ಅದು ಈಗ ಆರಿತ್ತು. ಒಂದು ಹನಿ ನೀರು ಚಿಮುಕಿಸಿದಳು. ಕುಣಿಯಲಿಲ್ಲ. ಕಾದಳು. ಇನ್ನೊಂದು ಹನಿ. ಬಿದ್ದಲ್ಲೇ ಕೂತಿತು. ಅವ್ವ ನಿಟ್ಟುಸಿರು ಬಿಟ್ಟಳು. ಹೆಂಡತಿ ಎರಡು ಕಟ್ಟಿಗೆ ಮುಂದೆ ತಳ್ಳಿ, ಕಾದು, ಮೂರನೆಯ ಹನಿ ಹಾಕಿದಳು. ಅದು ಕುಣಿಯಿತು. ಆಗ ಚಮಚ ತುಂಬಿ, ಬೆರಳಿನಿಂದ ತಲೆ ಸವರಿ, ಅಂಚಿನಲ್ಲಿ ಹೆಚ್ಚಾಗಿ ಉಳಿದಿದ್ದ ನಾಲ್ಕು ಕಾಳನ್ನು ತಟ್ಟೆಗೆ ವಾಪಸು ಉದುರಿಸಿ, ಒಂದು ಚಮಚ ಹಾಕಿದಳು.